ಇಟ್ಟು ಹೋಗುವವನ ಹೊಣೆ

ವಸ್ತುವನ್ನು ಪಡೆಯುವ ರೀತಿಯ ಬಗ್ಗೆ ಧರ್ಮಶಾಸ್ತ್ರಗಳು ವಿಸ್ತಾರವಾಗಿ ವಿಚಾರ ಮಾಡಿವೆ. ಅದನ್ನು ಇಡುವ ರೀತಿಯ ಬಗ್ಗೆ ಹೇಳತಕ್ಕದ್ದು ಹೆಚ್ಚೇನೂ ಇಲ್ಲವೆಂಬ ಭಾವನೆ ಸಾಮಾನ್ಯರಲ್ಲಿದೆ. ಆದರೆ ಮುನಿಗಳ ಪಂಚ ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿಯು ಎತ್ತಿಕೊಳ್ಳುವುದನ್ನೂ ಇಡುವುದನ್ನೂ ಸಮನಾಗಿ ಎಣಿಸುತ್ತದೆ. ಮುನಿಗಳ ಬಳಿ ಇರುವುದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ ಮಾತ್ರ. ಅವುಗಳನ್ನು ನೆಲಕ್ಕೆ ಇಡುವ ಮುನ್ನ ಆ ನೆಲವನ್ನು ನೋಡಬೇಕು, ಪಿಂಛಿಯಿಂದ ಮೃದುವಾಗಿ ಸವರಬೇಕು, ಅನಂತರ ಇಡಬೇಕು. ಅಂಗೈಯಗಲದ ವಸ್ತುವಿಗೇ ಇಷ್ಟು ಎಚ್ಚರಿಕೆ ವಿಧಿಸಲ್ಪಟ್ಟಿರುವಾಗ, ನೂರು ಕಿಲೋಗ್ರಾಂಗೂ ಮೀರಿದ ಉಕ್ಕಿನ ಯಂತ್ರವನ್ನು ಇಟ್ಟು ಹೋಗುವ ಗೃಹಸ್ಥನಿಗೆ ಯಾವ ಎಚ್ಚರಿಕೆಯೂ ಬೇಡವೆನ್ನಲು ಬರುವುದಿಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಶ್ರಯವಾಗುವ ಅಜೀವಾಧಿಕರಣಗಳನ್ನು ಹೇಳುವಾಗ ನಿಕ್ಷೇಪವನ್ನೂ ಹೇಳಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ನೋಡದೆ ಇಡುವುದು ಒಂದು. ನೋಡಿದರೂ ಸರಿಯಾಗಿ ಶುದ್ಧಗೊಳಿಸದೆ ಇಡುವುದು ಇನ್ನೊಂದು. ಆತುರದಿಂದ ಇಡುವುದು ಮತ್ತೊಂದು, ಇದಕ್ಕೆ ಸಹಸಾ-ನಿಕ್ಷೇಪವೆಂದು ಹೆಸರು. ಕೊನೆಯದು ಅನಾಭೋಗ, ಅಂದರೆ ಉಪಯೋಗವಿಲ್ಲದೆ, ಮನಸ್ಸನ್ನು ಅತ್ತ ಕೊಡದೆ ಇಡುವುದು. ಈ ವಿಂಗಡಣೆ ಹಳೆಯ ಗ್ರಂಥದ ಪುಟದಲ್ಲಿ ಒಣಗಿ ನಿಂತ ಪಟ್ಟಿಯಂತೆ ಕಾಣಬಹುದು. ಅದರ ಜೀವಂತಿಕೆಯನ್ನು ಕಾಣಬೇಕೆಂದರೆ ಮುಂಜಾನೆ ನಾಲ್ಕು ಗಂಟೆಯ ಹೊತ್ತಿಗೆ ವಿಮಾನ ನಿಲ್ದಾಣವೊಂದರ ದ್ವಿಚಕ್ರವಾಹನಗಳ ನಿಲುಗಡೆಗೆ ಹೋಗಿ ನಿಲ್ಲಬೇಕು.

ಬೆಂಗಳೂರಿನ ವಿಮಾನ ಸಂಚಾರವು ೨೦೦೮ರ ಮೇ ತಿಂಗಳವರೆಗೆ ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದಲೇ ನಡೆಯುತ್ತಿತ್ತು. ಜಯನಗರದವನೋ ಚಿಕ್ಕಪೇಟೆಯವನೋ ಆಟೋ ಹಿಡಿದು ಅಲ್ಲಿಗೆ ತಲುಪಬಹುದಾಗಿತ್ತು. ಮನೆಯ ಹುಡುಗನೊಬ್ಬ ಸ್ಕೂಟರಿನಲ್ಲಿ ಬಿಟ್ಟು ಹಿಂತಿರುಗಬಹುದಾಗಿತ್ತು. ಆ ವರ್ಷದ ಮೇ ೨೪ರಿಂದ ನಿಲ್ದಾಣವು ದೇವನಹಳ್ಳಿಯ ಬಳಿಗೆ ಹೋಯಿತು. ೨೦೧೩ರಲ್ಲಿ ಕೆಂಪೇಗೌಡರ ಹೆಸರನ್ನು ಪಡೆದ ಈ ನಿಲ್ದಾಣಕ್ಕೆ ಮೆಜೆಸ್ಟಿಕ್ಕಿನಿಂದ ಸುಮಾರು ೩೫ ಕಿಲೋಮೀಟರು. ಟ್ಯಾಕ್ಸಿಯ ಬಾಡಿಗೆ ಎಲ್ಲರ ಕೈಗೆಟುಕುವಂಥದಲ್ಲ. ವಾಯುವಜ್ರ ಬಸ್ಸುಗಳುಂಟು, ಆದರೆ ಮನೆಯಿಂದ ಬಸ್ಸಿನ ತಂಗುದಾಣಕ್ಕೆ ಅಪರಾತ್ರಿಯಲ್ಲಿ ಹೋಗುವುದೇ ಒಂದು ಪ್ರಯಾಣ. ಹೀಗಾಗಿ ಒಂಟಿಯಾಗಿ, ಒಂದೇ ಚೀಲದೊಡನೆ ಹೊರಡುವ ಅನೇಕರು ಮೋಟಾರ್ ಸೈಕಲ್ಲಿನಲ್ಲೇ ಬಂದು, ಅದನ್ನು ಅಲ್ಲಿಯೇ ನಿಲ್ಲಿಸಿ, ಎರಡು ಮೂರು ದಿನಗಳ ಮೇಲೆ ಮರಳಿ ಅದರಲ್ಲೇ ಮನೆಗೆ ಹೋಗುತ್ತಾರೆ. ಇಟ್ಟು ಹೋಗುವುದು, ಕಾಯುವುದು, ಹಿಂತಿರುಗಿ ಪಡೆಯುವುದು ಎಂಬ ಮೂರು ಕ್ರಿಯೆಗಳು ಇಲ್ಲಿ ಒಂದಾದ ಮೇಲೊಂದು ನಡೆಯುತ್ತವೆ. ಮೂರಕ್ಕೂ ಅದರದರ ನೀತಿಯುಂಟು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಇಂದೋರಿನಲ್ಲಿ ಮಗಳ ಮನೆಯಲ್ಲಿದ್ದ ತಾಯಿಗೆ ರಾತ್ರಿ ಹೃದಯಾಘಾತವಾಗಿದೆಯೆಂದು ಬೆಂಗಳೂರಿನ ಮಗನಿಗೆ ದೂರವಾಣಿ ಬರುತ್ತದೆ. ಮುಂಜಾನೆಯ ವಿಮಾನಕ್ಕೆ ಟಿಕೆಟ್ಟು ಸಿಗುತ್ತದೆ. ಅವನು ಬೈಕು ಏರಿ ಬಳ್ಳಾರಿ ರಸ್ತೆ ಹಿಡಿದು ಬರುತ್ತಾನೆ. ನಿಲುಗಡೆಯ ಸಾಲುಗಳು ತುಂಬಿವೆ. ಒಳಗೆ ಜಾಗ ಹುಡುಕುವಷ್ಟು ಸಮಯವಿಲ್ಲ. ಎರಡು ಸಾಲುಗಳ ನಡುವೆ ಓಡಾಟಕ್ಕೆ ಬಿಟ್ಟ ಓಣಿಯಲ್ಲಿ ಬೈಕನ್ನು ಸೈಡ್ ಸ್ಟ್ಯಾಂಡಿಗೆ ಒರಗಿಸಿ, ಹ್ಯಾಂಡಲ್ ಲಾಕ್ ಮಾಡಿ, ಓಡುತ್ತಾನೆ. ವಿಮಾನ ಸಿಗುತ್ತದೆ. ತಾಯಿಯ ಮುಖವನ್ನು ನೋಡುತ್ತಾನೆ.

ಈ ಮಗನು ತಪ್ಪು ಮಾಡಿದನೇ? ಇಲ್ಲವೆಂದು ಬಹುಜನರ ಉತ್ತರ. ಸಾಯುವ ಹಂತದಲ್ಲಿರುವ ತಾಯಿಯೆದುರು ಪಾರ್ಕಿಂಗಿನ ಸಾಲು ಯಾವ ಲೆಕ್ಕ ಎಂದು ಅವರು ಕೇಳುತ್ತಾರೆ. ಭಾವವೇ ಪ್ರಧಾನವೆಂದು ಬೋಧಿಸುವ ಧರ್ಮದಲ್ಲಿ ಈ ಉತ್ತರಕ್ಕೆ ತೂಕವಿದೆ. ಅವನಲ್ಲಿ ಲೋಭವಿರಲಿಲ್ಲ, ಯಾರಿಗೂ ಕೇಡು ಬಗೆಯುವ ಸಂಕಲ್ಪವಿರಲಿಲ್ಲ. ಆದರೂ ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಪ್ರಯಾಣ ಒಂದು ಕ್ರಿಯೆ, ಇಡುವುದು ಇನ್ನೊಂದು ಕ್ರಿಯೆ. ತಾಯಿಯನ್ನು ಕಾಣುವ ಸದ್ಭಾವವು ಪ್ರಯಾಣಕ್ಕೆ ಸೇರಿದ್ದು. ಓಣಿಯಲ್ಲಿ ಅಡ್ಡ ನಿಂತ ವಾಹನದ ಫಲವನ್ನು ಉಣ್ಣುವವರು ಬೇರೆಯೇ ಜನ. ಒಂದು ಗಂಟೆಯ ತರುವಾಯ ತನ್ನ ಬೈಕನ್ನು ಹೊರತೆಗೆಯಲು ಬಂದ ಮತ್ತೊಬ್ಬನಿಗೆ ದಾರಿಯಿಲ್ಲ. ಅವನೂ ಯಾವ ಆಸ್ಪತ್ರೆಗೆ ಹೊರಟಿದ್ದಾನೋ ಯಾರು ಬಲ್ಲರು? ಅವನು ನಿಲುಗಡೆಯ ಹುಡುಗನನ್ನು ಕರೆದು ಗದರುತ್ತಾನೆ. ಆ ಹುಡುಗನು ಲಾಕ್ ಆದ ಬೈಕನ್ನು ಹಿಂದಿನ ಚಕ್ರ ಎತ್ತಿ ಎತ್ತಿ ಅಂಗುಲ ಅಂಗುಲವಾಗಿ ಸರಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಬೈಕು ಜಾರಿದರೆ ಪಕ್ಕದ್ದರ ಮೇಲೆ ಬೀಳುತ್ತದೆ, ಅದು ಅದರ ಪಕ್ಕದ್ದರ ಮೇಲೆ. ಇಡೀ ಸಾಲು ಮಲಗುವುದನ್ನು ಕಂಡವರು ಹಲವರಿದ್ದಾರೆ. ಒಡೆದ ಕನ್ನಡಿಗಳ ಮಾತು ಬಂದಾಗ ಉತ್ತರ ಹೇಳಬೇಕಾದವನು ಅಲ್ಲಿ ನಿಂತಿರುವ ಆ ಹುಡುಗನೇ. ಮೋಟಾರ್ ಸೈಕಲ್ಲಿನ ಧನಿಯು ಆಗ ಆಕಾಶದಲ್ಲಿರುತ್ತಾನೆ.

ಸಹಸಾ-ನಿಕ್ಷೇಪವನ್ನು ಆಚಾರ್ಯರು ಪ್ರತ್ಯೇಕವಾಗಿ ಹೆಸರಿಸಿದ್ದು ಇದಕ್ಕಾಗಿಯೇ ಇರಬೇಕು. ದುಷ್ಟಬುದ್ಧಿಯಿಂದ ವಸ್ತುವನ್ನು ಅಡ್ಡ ಇಡುವವರು ಎಲ್ಲ ಕಾಲದಲ್ಲಿಯೂ ವಿರಳ. ಆತುರದಿಂದ ಇಡುವವರೇ ಲೋಕದಲ್ಲಿ ಹೆಚ್ಚು, ಅವರಲ್ಲಿ ಬಹುಮಂದಿ ಸಜ್ಜನರು. ಆತುರಕ್ಕೆ ಒಳ್ಳೆಯ ಕಾರಣವಿದ್ದಾಗ ಕಷಾಯವು ಮಂದವಾಗಿರುತ್ತದೆ, ಆದ್ದರಿಂದ ಬಂಧವೂ ಮಂದವೆಂದು ಹೇಳಬಹುದು. ಪ್ರಮಾದವು ಇಲ್ಲವೇ ಇಲ್ಲವೆಂದು ಹೇಳಲಾಗದು. ಆ ಮಗನು ಇಂದೋರಿಗೆ ತಲುಪಿದ ಮೇಲೆ, ತಾಯಿಯ ಉಸಿರು ನಿಲುಕಿಗೆ ಬಂದ ಮೇಲೆ, ಒಂದು ಗಳಿಗೆ ಬೆಂಗಳೂರಿನ ಓಣಿಯನ್ನು ನೆನೆದನೇ ಎಂಬುದೇ ಕೇಳಬೇಕಾದ ಪ್ರಶ್ನೆ. ಮರಳಿ ಬಂದಾಗ ಆ ಹುಡುಗನ ಬಳಿಗೆ ಹೋಗಿ ‘ನನ್ನಿಂದ ನಿನಗೆ ತೊಂದರೆಯಾಯಿತಪ್ಪಾ, ಕ್ಷಮಿಸು’ ಎನ್ನುವುದು, ಮುರಿದ ಕನ್ನಡಿಯೇನಾದರೂ ಇದ್ದರೆ ಅದರ ಬೆಲೆ ತೆರುವುದು, ಇವು ಅವನಿಗೆ ಸಾಧ್ಯವಿದ್ದ ಕೆಲಸಗಳು. ಭಾದ್ರಪದದಲ್ಲಿ ಕ್ಷಮಾವಾಣಿಯ ದಿನ ಪರಿಚಿತರೆಲ್ಲರ ಮನೆಗೆ ಹೋಗಿ ಕೈಮುಗಿಯುವ ಸಮಾಜದಲ್ಲಿ ನಿಲುಗಡೆಯ ಹುಡುಗನ ಬಳಿಗೆ ಹೋಗುವವರು ಎಷ್ಟು ಮಂದಿ?

ಹ್ಯಾಂಡಲ್ ಲಾಕಿನ ಪ್ರಶ್ನೆ ಸ್ವಲ್ಪ ಜಟಿಲವಾದದ್ದು. ಲಾಕ್ ಮಾಡಿದರೆ ಕಳ್ಳನಿಗೆ ಕಷ್ಟ; ಸರಿಸಬೇಕಾದ ಪಕ್ಕದವನಿಗೂ ಕಷ್ಟ. ಲಾಕ್ ಮಾಡದಿದ್ದರೆ ಇಬ್ಬರಿಗೂ ಸುಲಭ. ತನ್ನ ಸ್ವತ್ತಿನ ರಕ್ಷಣೆಗಾಗಿ ಎಲ್ಲರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಯುಕ್ತವೇ ಎಂದು ಕೇಳಬಹುದು. ಸಾಲಿನೊಳಗೆ, ಗುರುತಿಸಿದ ಜಾಗದಲ್ಲಿ, ಡಬಲ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿದವನಿಗೆ ಲಾಕ್ ಮಾಡುವ ಹಕ್ಕಿದೆಯೆನ್ನಲು ಅಡ್ಡಿಯಿಲ್ಲ. ಅವನ ವಾಹನವನ್ನು ಸರಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಡಬಲ್ ಸ್ಟ್ಯಾಂಡ್ ಹಾಕಲು ತುಸು ಬಲ ಬೇಕು, ಅರ್ಧ ನಿಮಿಷ ಬೇಕು. ಅದು ಹಿಡಿಯುವ ಜಾಗ ಕಡಿಮೆ. ಸೈಡ್ ಸ್ಟ್ಯಾಂಡು ಕಾಲಿನ ಒಂದು ತಳ್ಳಿಗೆ ಮುಗಿಯುತ್ತದೆ, ಆದರೆ ವಾಲಿ ನಿಂತ ಬೈಕು ಪಕ್ಕದವನ ಜಾಗವನ್ನೂ ತಿನ್ನುತ್ತದೆ. ಬೇಸಗೆಯಲ್ಲಿ ಡಾಂಬರು ಮೆದುವಾದಾಗ ಆ ಸ್ಟ್ಯಾಂಡಿನ ಮೊನೆ ಕುಸಿದು ಬೈಕು ಉರುಳುವುದೂ ಉಂಟು. ಇಳಿಜಾರಾದರೆ ಗೇರಿನಲ್ಲಿಟ್ಟು ನಿಲ್ಲಿಸಬೇಕು. ಇವೆಲ್ಲ ಸವಾರರಿಗೆ ತಿಳಿದ ಮಾತುಗಳೇ. ಪಕ್ಕದ ಬೈಕಿನ ಧನಿಯ ಕಡೆಯಿಂದ ಅವನ್ನು ಯೋಚಿಸುವ ಅಭ್ಯಾಸ ಮಾತ್ರ ಕಡಿಮೆ.

ಜೀವದಯೆಯ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿಯೇ ಹೇಳಿ ಮುಂದುವರಿಯಬಹುದು. ನಾಲ್ಕೈದು ದಿನ ಅಲುಗದೆ ನಿಂತ ವಾಹನವು ಸಣ್ಣ ಜೀವಗಳಿಗೆ ಮನೆಯಾಗುತ್ತದೆ. ಸೀಟಿನ ಕೆಳಗೆ ಇರುವೆಗಳು ಸೇರುತ್ತವೆ, ಚಕ್ರದ ಕಡ್ಡಿಗಳ ನಡುವೆ ಜೇಡ ಬಲೆ ನೇಯುತ್ತದೆ, ಕೊಳವೆಗಳ ಸಂದಿಯಲ್ಲಿ ಕಡಜವು ಮಣ್ಣಿನ ಗೂಡು ಕಟ್ಟಿ ಮರಿಗೆ ಆಹಾರ ತುಂಬಿಡುತ್ತದೆ. ಗೃಹಸ್ಥನಿಗೆ ಆರಂಭಿ ಹಿಂಸೆ ಪೂರ್ತಿ ತಪ್ಪದು. ಆದರೆ ಬಂದೊಡನೆ ಗುಂಡಿ ಒತ್ತಿ ಇಂಜಿನ್ ಚಾಲೂ ಮಾಡುವುದಕ್ಕೂ, ಒಂದು ಸುತ್ತು ನೋಡಿ, ಸೀಟು ಎತ್ತಿ ಮೆಲ್ಲಗೆ ತಟ್ಟಿ, ಬಟ್ಟೆಯಿಂದ ಸವರಿ ಹೊರಡುವುದಕ್ಕೂ ನಡುವಿನ ಅಂತರ ಎರಡು ನಿಮಿಷದ್ದು. ಆದಾನವೆಂದರೆ ಇದೇ. ವಾಹನದ ಆರೋಗ್ಯಕ್ಕೂ ಅದು ಒಳ್ಳೆಯದೆಂಬುದು ಬೇರೆ ಮಾತು.

ಇನ್ನು ಕಾಯುವವನ ವಿಚಾರ. ನಿಲುಗಡೆಯ ಚೀಟಿಗಳ ಬೆನ್ನಿನಲ್ಲಿ ‘ವಾಹನಗಳನ್ನು ಮಾಲೀಕರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ನಿಲ್ಲಿಸತಕ್ಕದ್ದು’ ಎಂಬ ಒಕ್ಕಣೆ ದೇಶದಲ್ಲೆಲ್ಲ ಸಾಮಾನ್ಯವಾಗಿದೆ. ಹಣ ಪಡೆಯುವುದು, ಹೊಣೆಯನ್ನು ಬಿಡುವುದು, ಎರಡೂ ಒಂದೇ ಕಾಗದದ ಎರಡು ಮಗ್ಗುಲುಗಳಲ್ಲಿ ಅಚ್ಚಾಗಿವೆ. ಇದು ಧರ್ಮವೇ?

ಜೈನ ಪರಂಪರೆಯಲ್ಲಿ ನ್ಯಾಸ, ಅಂದರೆ ನಂಬಿ ಇಟ್ಟ ಒತ್ತೆ, ಬಹಳ ಗಂಭೀರವಾದ ವಿಷಯ. ನ್ಯಾಸಾಪಹಾರವನ್ನು ಅತಿಚಾರವೆಂದು ಎಣಿಸಿರುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಅಚೌರ್ಯಾಣುವ್ರತದ ಕೆಳಗೆ ಇಡದೆ ಸತ್ಯಾಣುವ್ರತದ ಕೆಳಗೆ ಇಟ್ಟಿರುವುದನ್ನು ಗಮನಿಸಿದವರು ಕಡಿಮೆ. ಪೂಜ್ಯಪಾದರು ಕೊಡುವ ವಿವರಣೆ ಸೂಕ್ಷ್ಮವಾಗಿದೆ. ಒಬ್ಬನು ಹೊನ್ನು ಮೊದಲಾದುದನ್ನು ಒತ್ತೆಯಿಟ್ಟು, ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಅನುಮೋದಿಸಿ ಅಷ್ಟನ್ನೇ ಕೊಡುತ್ತಾನೆ. ಅವನು ಕೈಚಾಚಿ ಏನನ್ನೂ ಕದಿಯಲಿಲ್ಲ. ಎದುರಿಗಿರುವವನ ಮರೆವಿಗೆ ತನ್ನ ಮಾತಿನ ಮುದ್ರೆ ಒತ್ತಿದನು, ಅಷ್ಟೆ. ಆದುದರಿಂದಲೇ ಅದು ಸತ್ಯದ ಭಂಗ. ಚೀಟಿಯ ಬೆನ್ನಿನ ಸಾಲನ್ನು ಈ ಬೆಳಕಿನಲ್ಲಿ ಓದಬೇಕು. ಸವಾರನು ಚೀಟಿಯನ್ನು ಓದುವುದಿಲ್ಲವೆಂದು ಬರೆದವನಿಗೆ ಗೊತ್ತು. ಬೇಲಿ, ಗೇಟು, ಸಮವಸ್ತ್ರದ ಕಾವಲುಗಾರ ಇವುಗಳನ್ನು ಕಂಡು ‘ಇಲ್ಲಿ ಕಾಯುವವರಿದ್ದಾರೆ’ ಎಂದು ಅವನು ನಂಬುವನೆಂದೂ ಗೊತ್ತು. ನಂಬಿಕೆಗೆ ಹಣ ಪಡೆದು, ನಂಬಿಕೆ ಮುರಿದಾಗ ಕಾಗದವನ್ನು ತೋರಿಸುವುದು ಅನುಮೋದನೆಯ ಸುಳ್ಳಿಗೆ ಬಹು ಸಮೀಪದ್ದು.

ಸತ್ಯಘೋಷನ ಕಥೆಯನ್ನು ಬಸದಿಯ ಪಾಠಶಾಲೆಗಳಲ್ಲಿ ಕೇಳದವರು ಕಡಿಮೆ. ಸಿಂಹಪುರದ ಈ ಪುರೋಹಿತನ ಬಳಿ ಸಮುದ್ರದತ್ತನೆಂಬ ವಣಿಕನು ಐದು ರತ್ನಗಳನ್ನು ಇಟ್ಟು ದ್ವೀಪಾಂತರಕ್ಕೆ ಹೋದನು. ಹಡಗು ಒಡೆದು ಸರ್ವಸ್ವವನ್ನು ಕಳೆದುಕೊಂಡು ಬಂದವನಿಗೆ ಸತ್ಯಘೋಷನು ‘ನೀನು ಇಟ್ಟೇ ಇಲ್ಲ’ವೆಂದನು. ಸಾಕ್ಷಿಯಿಲ್ಲ, ಪತ್ರವಿಲ್ಲ. ಕೊನೆಗೆ ರಾಣಿ ರಾಮದತ್ತೆಯು ಪಗಡೆಯಾಟದ ನೆಪದಲ್ಲಿ ರತ್ನಗಳನ್ನು ಹೊರತರಿಸಿದಾಗ, ಅವುಗಳನ್ನು ಬೇರೆ ರತ್ನಗಳ ರಾಶಿಯಲ್ಲಿ ಬೆರೆಸಿ ವಣಿಕನಿಗೆ ತೋರಿಸಲಾಯಿತು. ಅವನು ತನ್ನ ಐದನ್ನು ಮಾತ್ರ ಆರಿಸಿಕೊಂಡನು. ಕಥೆ ಹೇಳುವವರು ಸತ್ಯಘೋಷನ ಶಿಕ್ಷೆಯ ಬಳಿ ನಿಂತುಬಿಡುತ್ತಾರೆ. ವಣಿಕನು ಆರನೆಯದಕ್ಕೆ ಕೈ ಹಾಕಲಿಲ್ಲವೆಂಬ ಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಚೀಟಿ ಕಳೆದುಕೊಂಡ ಸವಾರನನ್ನು ಆರ್‌ಸಿ ತೋರಿಸಲು ಹೇಳುವ ನಿಲುಗಡೆಯ ಹುಡುಗನು ಆ ರತ್ನಪರೀಕ್ಷೆಯನ್ನೇ ನಡೆಸುತ್ತಾನೆ. ಅವನ ಮೇಲೆ ಸಿಟ್ಟಾಗುವವರು ಆ ಪರೀಕ್ಷೆ ತಮ್ಮ ರಕ್ಷಣೆಗಾಗಿಯೇ ಇದೆಯೆಂಬುದನ್ನು ಮರೆಯುತ್ತಾರೆ.

ದೇಶದ ಕಾನೂನು ಈ ವಿಷಯದಲ್ಲಿ ಎಲ್ಲಿ ನಿಂತಿದೆ? ೧೮೭೨ರ ಕರಾರು ಅಧಿನಿಯಮದ ೧೪೮ನೆಯ ಪ್ರಕರಣವು ಪರರ ಸ್ವತ್ತನ್ನು ಒಂದು ಉದ್ದೇಶಕ್ಕಾಗಿ ವಶಕ್ಕೆ ಪಡೆದು, ಉದ್ದೇಶ ಮುಗಿದ ಮೇಲೆ ಹಿಂತಿರುಗಿಸುವ ಸಂಬಂಧವನ್ನು ವಿವರಿಸುತ್ತದೆ. ೧೫೧ನೆಯ ಪ್ರಕರಣದಂತೆ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ಸ್ವತ್ತನ್ನು ಹೇಗೆ ಕಾಯುವನೋ ಹಾಗೆ ಅದನ್ನು ಕಾಯಬೇಕು. ೧೯೯೮ರ ಆಗಸ್ಟ್ ೧ರ ರಾತ್ರಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಯೊಬ್ಬನು ಸಿಬ್ಬಂದಿಗೆ ಕೀಲಿ ಕೊಟ್ಟು ನಿಲ್ಲಿಸಲು ಹೇಳಿದ ಕಾರು ಕಳವಾಯಿತು. ಮಾಲೀಕರ ಜವಾಬ್ದಾರಿಯೆಂಬ ಒಕ್ಕಣೆ ಅಲ್ಲಿನ ಚೀಟಿಯಲ್ಲಿಯೂ ಇತ್ತು. ಇಪ್ಪತ್ತೊಂದು ವರ್ಷಗಳ ತರುವಾಯ, ೨೦೧೯ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ ಅವರ ಪೀಠವು, ವಾಹನವನ್ನು ವಶಕ್ಕೆ ಪಡೆದ ಮೇಲೆ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಒಂದು ಮುದ್ರಿತ ಸಾಲಿನ ಬಲದಿಂದ ತಪ್ಪಿಸಿಕೊಳ್ಳಲಾಗದೆಂದು ತೀರ್ಪಿತ್ತಿತು.

ಆ ತೀರ್ಪಿನಲ್ಲಿ ಕೀಲಿ ಕೊಟ್ಟದ್ದು, ಅಂದರೆ ವಶವು ಕೈಬದಲಾದದ್ದು, ಮುಖ್ಯ ಸಂಗತಿ. ವಿಮಾನ ನಿಲ್ದಾಣದಲ್ಲಿ ಬೈಕಿನ ಸವಾರನು ತಾನೇ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಆದ್ದರಿಂದ ಅಲ್ಲಿ ಕೊಟ್ಟದ್ದು ಜಾಗದ ಬಾಡಿಗೆಯೋ ಕಾವಲಿನ ಕೂಲಿಯೋ ಎಂಬ ವಾದಕ್ಕೆ ಎಡೆಯುಂಟು. ನ್ಯಾಯಾಲಯಗಳು ಆಯಾ ಸಂಗತಿಯನ್ನು ನೋಡಿ ಅದನ್ನು ನಿರ್ಣಯಿಸುತ್ತವೆ. ನೀತಿಯ ದೃಷ್ಟಿಯಿಂದ ಇಷ್ಟನ್ನು ಹೇಳಬಹುದು: ಜಾಗವನ್ನು ಮಾತ್ರ ಕೊಡುವವನು ಕಾವಲಿನ ವೇಷವನ್ನು ಹಾಕಬಾರದು.

ಇಟ್ಟದ್ದು, ಬಿದ್ದದ್ದು, ಮರೆತದ್ದು, ಈ ಮೂರು ಬಗೆಯ ಪರಸ್ವತ್ತನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆ ಬೇರೆಯಾಗಿ ಹೇಳಿದ್ದಾರೆ. ನಿಲುಗಡೆಯಲ್ಲಿ ಮೂರೂ ಕಾಣಸಿಗುತ್ತವೆ. ನಿಂತ ಬೈಕು ಇಟ್ಟದ್ದು; ನೆಲದ ಮೇಲಿನ ಚೀಟಿ ಬಿದ್ದದ್ದು; ಲಾಕಿನಲ್ಲೇ ಉಳಿದ ಕೀಲಿ ಮರೆತದ್ದು. ಮರೆತ ಕೀಲಿಯನ್ನು ಕಂಡ ದಾರಿಹೋಕನು ಏನು ಮಾಡಬೇಕು? ಮುಟ್ಟದೆ ಹೋದರೆ ಕದ್ದಂತಾಗಲಿಲ್ಲ, ನಿಜ. ಆದರೆ ಮೂರು ದಿನ ಆ ಕೀಲಿ ಅಲ್ಲೇ ತೂಗಾಡಿದರೆ ಬೈಕು ಉಳಿಯುವ ಭರವಸೆಯಿಲ್ಲ. ತೆಗೆದು ಕಾವಲುಗಾರನ ಕೈಗೆ ಕೊಟ್ಟು, ಬೈಕಿನ ಸಂಖ್ಯೆಯನ್ನು ಬರೆಸುವುದು ಯುಕ್ತ. ಕಾನೂನೂ ಸಿಕ್ಕ ವಸ್ತುವನ್ನು ಕೈಗೆತ್ತಿಕೊಂಡವನಿಗೆ ಒತ್ತೆ ಹಿಡಿದವನ ಹೊಣೆಯನ್ನೇ ಹೊರಿಸುತ್ತದೆ; ಈ ಹೊಣೆಗೆ ಹೆದರಿಯೇ ಅನೇಕರು ಕಣ್ಣು ತಿರುಗಿಸಿ ನಡೆಯುತ್ತಾರೆ. ಆಚಾರ್ಯರ ಮಾತಿನಲ್ಲಿ ಇನ್ನೊಂದು ಅಂಶವಿದೆ: ಪರಸ್ವತ್ತನ್ನು ತಾನು ತೆಗೆದುಕೊಳ್ಳದಿರುವುದು ಮಾತ್ರವಲ್ಲ, ಇನ್ನೊಬ್ಬನಿಗೆ ಕೊಡದಿರುವುದೂ ವ್ರತ. ಪರಿಚಯದವನೆಂದು ಶುಲ್ಕವಿಲ್ಲದೆ ಒಳಗೆ ಬಿಡುವ ಗುತ್ತಿಗೆಯ ನೌಕರನು ಔದಾರ್ಯ ತೋರಿದೆನೆಂದು ಭಾವಿಸುತ್ತಾನೆ. ಅವನು ಕೊಟ್ಟದ್ದು ಅವನದಾಗಿರಲಿಲ್ಲ. ಶುಲ್ಕ ಉಳಿಸಲು ಹೆದ್ದಾರಿಯ ಬದಿಯಲ್ಲೋ ಯಾರದೋ ಅಂಗಡಿಯ ಮುಂದೋ ಬೈಕು ಬಿಟ್ಟು ಹೋಗುವವನ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ; ಅದತ್ತಾದಾನವು ನೆಲಕ್ಕೂ ಅನ್ವಯಿಸುತ್ತದೆ.

ಈ ವಿಚಾರ ವಿಮಾನ ನಿಲ್ದಾಣದ ಬೇಲಿಯೊಳಗೆ ಮಾತ್ರ ಉಳಿಯುವಂಥದಲ್ಲ. ರಥೋತ್ಸವ, ಪಂಚಕಲ್ಯಾಣ, ವಾರ್ಷಿಕ ಜಾತ್ರೆಗಳಲ್ಲಿ ಕ್ಷೇತ್ರಗಳ ಟ್ರಸ್ಟುಗಳೇ ನಿಲುಗಡೆ ನಡೆಸುತ್ತವೆ. ಹಗ್ಗ ಕಟ್ಟಿ, ಸ್ವಯಂಸೇವಕರನ್ನು ನಿಲ್ಲಿಸಿ, ಹತ್ತು ಇಪ್ಪತ್ತು ರೂಪಾಯಿಯ ರಸೀದಿ ಹರಿದು ಕೊಡುತ್ತವೆ. ಆ ರಸೀದಿಯಲ್ಲಿಯೂ ಕೆಲವೆಡೆ ಅದೇ ಒಕ್ಕಣೆ ಇರುತ್ತದೆ. ಇದನ್ನು ಆಕ್ಷೇಪಿಸಿದರೆ ಟ್ರಸ್ಟಿಗಳು ಹೇಳುವ ಉತ್ತರ ಹಗುರವಾದದ್ದಲ್ಲ. ವಾಹನ ಕಳವಾದರೆ ಪರಿಹಾರ ಕೊಡಬೇಕಾಗುತ್ತದೆ, ಕೊಡುವುದು ದೇವದ್ರವ್ಯದಿಂದ. ಭಗವಂತನಿಗೆ ಅರ್ಪಿತವಾದುದನ್ನು ಒಬ್ಬನ ಬೈಕಿನ ಬೆಲೆಗಾಗಿ ಖರ್ಚು ಮಾಡಿದ ದೋಷ ಯಾರ ತಲೆಗೆ, ಎಂದು ಅವರು ಕೇಳುತ್ತಾರೆ. ಆ ಭಯವು ಧರ್ಮಭೀರುಗಳದ್ದೇ. ಆದರೆ ಅದೇ ಭಯವು ಶುಲ್ಕ ಪಡೆಯುವಾಗ ಇರುವುದಿಲ್ಲವೆಂಬುದೂ ನಿಜ: ನಿಲುಗಡೆಯ ಹಣ ಹುಂಡಿಯ ಹಣದೊಡನೆ ಸೇರುವಾಗ ಯಾರೂ ಪ್ರಶ್ನಿಸುವುದಿಲ್ಲ. ನಿಲುಗಡೆಯ ಆದಾಯವನ್ನು ಮೊದಲಿನಿಂದಲೂ ಬೇರೆ ಖಾತೆಯಲ್ಲಿಟ್ಟು, ಅದರಿಂದಲೇ ಕಾವಲುಗಾರರ ಕೂಲಿಯನ್ನೂ ವಿಮೆಯ ಕಂತನ್ನೂ ಕಳವಿನ ಪರಿಹಾರವನ್ನೂ ಕೊಡುವುದಾದರೆ ದೇವದ್ರವ್ಯಕ್ಕೆ ಕೈ ಹಚ್ಚುವ ಪ್ರಸಂಗ ಬರಲಾರದು. ಅಷ್ಟು ವ್ಯವಸ್ಥೆ ಸಾಧ್ಯವಿಲ್ಲದ ಸಣ್ಣ ಬಸದಿಗಳು ಶುಲ್ಕವನ್ನೇ ಪಡೆಯದೆ, ‘ಇಲ್ಲಿ ಜಾಗವುಂಟು, ಕಾವಲಿಲ್ಲ’ ಎಂದು ಪ್ರವೇಶದ್ವಾರದಲ್ಲಿಯೇ, ದೊಡ್ಡ ಅಕ್ಷರಗಳಲ್ಲಿ, ಬೈಕು ನಿಲ್ಲಿಸುವ ಮುನ್ನವೇ ಕಣ್ಣಿಗೆ ಬೀಳುವಂತೆ ಬರೆಸಬಹುದು.